ಪಾದ ಸುಟ್ಟಿರಲಿಲ್ಲ

ನಾಗಸಂದ್ರ ಮೆಟ್ರೊ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಾನು ಚಿಕಿತ್ಸೆ ಪಡೆಯುವ ಕೇಂದ್ರವಿದೆ. ಹೆಸರು ಇಲ್ಲಿ ಬೇಡ. ಕಾಯುವವರಿಗೆ ಗೋಡೆಗೆ ಒತ್ತಿದಂತೆ ಒಂದೇ ಉದ್ದನೆಯ ಬೆಂಚು. ಎದುರಿಗೆ ಎರಡು ಬಾಗಿಲು. ಎಡ ಬಾಗಿಲ ಹಿಂದೆ ಕೆಂಪು ದೀಪಗಳಿವೆ. ಭುಜ, ಸೊಂಟ, ಮಂಡಿ ಹಿಡಿದುಕೊಂಡವರು ಅಲ್ಲಿಗೆ ಹೋಗುತ್ತಾರೆ. ಬಲ ಬಾಗಿಲ ಹಿಂದೆ ನೀಲಿ ಬೆಳಕಿನ ಪೆಟ್ಟಿಗೆಯಿದೆ, ಅದು ಚರ್ಮದ ತೊಂದರೆಯವರಿಗೆ.

ಕೆಂಪು ದೀಪದವರು ಮಾತಿನ ಜನ. ಪೀಣ್ಯದ ಕಾರ್ಖಾನೆಗಳಲ್ಲಿ ದಿನಕ್ಕೆ ಸಾವಿರ ಸಲ ಲಿವರ್ ಎಳೆದು ಭುಜ ಕಳೆದುಕೊಂಡವರು ತಮ್ಮ ನೋವನ್ನು ಒಬ್ಬರಿಗೊಬ್ಬರು ಬಿಡಿಸಿ ಹೇಳುತ್ತಾರೆ, ಯಾರದ್ದು ಹೆಚ್ಚು ಎಂದು ಪಂದ್ಯವನ್ನೂ ಕಟ್ಟುತ್ತಾರೆ. ನೀಲಿ ಪೆಟ್ಟಿಗೆಯವರು ಬೆಂಚಿನ ತುದಿಯಲ್ಲಿ ಕುಳಿತು ಫೋನ್ ನೋಡುತ್ತಾರೆ. ಪೂರ್ಣ ತೋಳಿನ ಅಂಗಿ, ಬೇಸಿಗೆಯಲ್ಲೂ ಕಾಲುಚೀಲ. ಅವರ ಪಕ್ಕದಲ್ಲಿ ಯಾವಾಗಲೂ ಒಂದು ಜಾಗ ಖಾಲಿ ಇರುತ್ತದೆ.

ನಾನು ನೀಲಿ ಪೆಟ್ಟಿಗೆಯವಳು. ನಾಲ್ಕು ತಿಂಗಳು ಕೆಂಪು ದೀಪದವರ ನಡುವೆ ಕುಳಿತಿದ್ದೆ.

ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಬಲ ಹೆಬ್ಬೆರಳಿನ ಬುಡದಲ್ಲಿ ಮೊದಲ ಬಿಳಿ ಚುಕ್ಕೆ ಕಂಡಾಗ ಪುಟ ತಿದ್ದುವಾಗ ಅಂಟಿದ ವೈಟ್ನರ್ ಇರಬೇಕೆಂದು ಉಗುರಿನಿಂದ ಕೆರೆದಿದ್ದೆ. ಎರಡು ತಿಂಗಳಲ್ಲಿ ಎರಡೂ ಕೈಗಳ ಬೆರಳ ಗೆಣ್ಣುಗಳು ಬಿಳಿಯಾದವು.

ದಾಸರಹಳ್ಳಿಯ ಚರ್ಮವೈದ್ಯೆ ಕೋಣೆಯ ದೀಪ ಆರಿಸಿ, ಕೈಯಲ್ಲಿ ಹಿಡಿಯುವ ನೇರಳೆ ದೀಪವೊಂದನ್ನು ಹಚ್ಚಿದರು. ಕತ್ತಲಲ್ಲಿ ನನ್ನ ಬೆರಳುಗಳು ಸುಣ್ಣ ಬಳಿದಂತೆ ಹೊಳೆದವು. ಅವರು ದೀಪವನ್ನು ಕೆಳಗಿಳಿಸಿದರು. ಪಾದಗಳ ಮೇಲೂ ಅದೇ ಹೊಳಪು. ಮಾಮೂಲಿ ಬೆಳಕಿನಲ್ಲಿ ಅಲ್ಲಿ ನನಗೆ ಏನೂ ಕಂಡಿರಲಿಲ್ಲ. ಒಳಗೆ ಹೋಗುವಾಗ ಕೈಗೆ ಮಾತ್ರ ಇದ್ದ ಕಾಯಿಲೆ ಹೊರಗೆ ಬರುವಾಗ ಕಾಲಿಗೂ ಇತ್ತು.

ವೈದ್ಯೆ ಚೀಟಿಯ ಮೇಲೆ ಅದರ ಇಂಗ್ಲಿಷ್ ಹೆಸರು ಬರೆದರು. ಕನ್ನಡದ ಹೆಸರು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತೊನ್ನು. ವರದಿಗಾರರು ಕಟು ಸತ್ಯಕ್ಕೆ ಮೃದು ಪದ ಹುಡುಕಿದಾಗ ಹೊಡೆದುಹಾಕಿ ನೇರ ಪದ ಬರೆಯುವವಳು ನಾನು. ನನ್ನ ಸರದಿ ಬಂದಾಗ ಕಚೇರಿಯಲ್ಲಿ ‘ಅಲರ್ಜಿ’ ಅಂದೆ.

ಮನೆಯಲ್ಲಿ ಹೇಳಲೇಬೇಕಾಯಿತು. ಗಂಡ ಶಿವಕುಮಾರ್ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣದೊಂದು ಟೂಲ್ ರೂಮ್ ನಡೆಸುತ್ತಾರೆ. ಡ್ರಾಯಿಂಗ್ ಓದುವಂತೆ ಚೀಟಿಯನ್ನು ಎರಡು ಸಲ ಓದಿ, ನೋವಿದೆಯಾ ಎಂದು ಕೇಳಿದರು. ಇಲ್ಲ ಅಂದೆ. ಹಾಗಾದರೆ ಅರ್ಧ ಗೆದ್ದಂತೆ ಎಂದು ಚೀಟಿ ಮಡಚಿಟ್ಟರು. ಆ ರಾತ್ರಿ ಊಟಕ್ಕೆ ಕುಳಿತಾಗ ನಾಲ್ಕಾರು ಸಲ ನನ್ನ ಕೈ ನೋಡಿದರು, ಪ್ರತಿ ಸಲ ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ತಟ್ಟೆ ನೋಡಿದರು.

ಅತ್ತೆ ಗಂಗಮ್ಮನಿಗೂ ಹೇಳಿದೆ. ಬಾಗಲಗುಂಟೆಯಲ್ಲಿ ಅವರು ರಾಗಿ ಬೆಳೆದ ನೆಲದ ಮೇಲೆ ಈಗ ನಮ್ಮ ಬಾಡಿಗೆ ಕೋಣೆಗಳಿವೆ. ಬಾಡಿಗೆಯವರ ಸಂಸಾರದ ಸುದ್ದಿಯೆಲ್ಲ ಅವರಿಗೆ ಗೊತ್ತು; ಮಧ್ಯಾಹ್ನವಾದರೆ ನಮ್ಮ ಹಜಾರದಲ್ಲಿ ಇಬ್ಬರು ಮೂವರು ಹೆಂಗಸರು ಇದ್ದೇ ಇರುತ್ತಿದ್ದರು. ಅಂದಿನಿಂದ ಅತ್ತೆ ಅವರನ್ನು ಗೇಟಿನ ಬಳಿಯೇ ಮಾತಾಡಿಸಿ ಕಳಿಸತೊಡಗಿದರು. ನಾನು ಬಡಿಸುವಾಗ ನನ್ನ ಕೈಯನ್ನೇ ನೋಡುತ್ತಿದ್ದರು. ಅವರಿಗೆ ಅಸಹ್ಯವಾಗಿದೆ ಎಂದು ತೀರ್ಮಾನಿಸಿದೆ. ಕೇಳಿ ತಿಳಿದುಕೊಳ್ಳಲಿಲ್ಲ.

ಚಿಕಿತ್ಸೆ ಸರಳ. ವಾರಕ್ಕೆ ಮೂರು ದಿನ, ಕಪ್ಪು ಕನ್ನಡಕ ಹಾಕಿಕೊಂಡು, ಮೇಲಿನ ಗೂಡಿನಲ್ಲಿ ಕೈ, ಕೆಳಗಿನ ಗೂಡಿನಲ್ಲಿ ಪಾದ ಇಡಬೇಕು. ಮೊದಲ ದಿನ ಅರ್ಧ ನಿಮಿಷ. ಆಮೇಲೆ ಪ್ರತಿ ಸಲ ಕೆಲವು ಸೆಕೆಂಡು ಹೆಚ್ಚು. ಬಿಸಿ ಇಲ್ಲ, ಚುಚ್ಚುವುದಿಲ್ಲ, ಏನೂ ತಿಳಿಯುವುದಿಲ್ಲ. ಕಷ್ಟ ಇರುವುದೂ ಅಲ್ಲಿಯೇ. ಪಕ್ಕದ ಕೋಣೆಯವರಿಗೆ ಕೆಂಪು ದೀಪದ ಕಾವು ಮಾಂಸಖಂಡಕ್ಕೆ ಇಳಿದು ಹಾಯೆನಿಸುತ್ತದೆ, ಎದ್ದಾಗ ಕೈ ಒಂದು ಗೇಣು ಮೇಲೆ ಹೋಗುತ್ತದೆ. ನನ್ನ ಬೆಳಕು ಏನಾದರೂ ಮಾಡುತ್ತಿದೆಯೇ ಎಂದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕು.

ಪೆಟ್ಟಿಗೆ ನಡೆಸುವವಳು ರೇಣುಕಾ. ಬಾಗಲಕೋಟೆ ಕಡೆಯವಳು, ಮೂವತ್ತರ ಆಸುಪಾಸು. ಎರಡೂ ಕೋಣೆ ಅವಳ ಉಸ್ತುವಾರಿ. ಕೆಂಪು ದೀಪಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದಕ್ಕೆ ಆಕೆ ಹೇಳಿದ್ದು ನಾನು ತಿದ್ದಿದ ಆರೋಗ್ಯ ಪುಟಗಳಿಗಿಂತ ಚೆನ್ನಾಗಿತ್ತು. ಅದು ಕಾಯಿಸತೈತಿ, ಇದು ಎಬ್ಬಸತೈತಿ ಅಂದಳು. ಬಣ್ಣ ಎಲ್ಲಿಯೂ ಹೋಗಿಲ್ಲ, ಕೂದಲ ಬುಡದಲ್ಲಿ ಮಲಗಿದೆಯಂತೆ.

ಮೊದಲ ವಾರ ಬೆಂಚಿನ ಮೇಲೆ ನಂಜುಂಡಪ್ಪ ಎಂಬ ಕಾರ್ಖಾನೆಯ ಪ್ರೆಸ್ ಆಪರೇಟರ್ ನನ್ನ ಪಕ್ಕ ಕುಳಿತು, ಮೇಡಂಗೆ ಏನು ತೊಂದರೆ ಎಂದು ವಿಚಾರಿಸಿದರು. ಗ್ಲೌಸ್ ತೊಟ್ಟಿದ್ದ ನನ್ನ ಕೈ ತಾನಾಗಿ ಎಡ ಭುಜಕ್ಕೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ರೇಣುಕಾ ನೋಡಿದಳು. ಅಂದಿನಿಂದ ನನ್ನನ್ನು ಎಡ ಬಾಗಿಲಿನಿಂದ ಕರೆಯತೊಡಗಿದಳು. ಎರಡು ಕೋಣೆಗಳ ನಡುವೆ ಪರದೆ ಹಾಕಿದ ಒಳಬಾಗಿಲಿದೆ. ಕೆಂಪು ದೀಪಗಳನ್ನು ದಾಟಿ ನಾನು ನೀಲಿ ಕೋಣೆ ಸೇರುತ್ತಿದ್ದೆ. ಇತ್ತ ನಂಜುಂಡಪ್ಪ ನನಗೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಕಲಿಸಿದರು. ಮನೆಯಲ್ಲಿ ಮಾಡುತ್ತಿದ್ದೇನೆ ಎಂದು ಅವರಿಗೆ ಸುಳ್ಳು ಹೇಳಿದೆ.

ನಾಲ್ಕನೆಯ ತಿಂಗಳು ಬಲಗೈ ಗೆಣ್ಣಿನ ಮೇಲೆ ರಾಗಿ ಕಾಳಿನಷ್ಟು ದೊಡ್ಡ ಕಂದು ಚುಕ್ಕೆಗಳು ಎದ್ದವು. ಮೊದಲು ಮೂರು, ಆಮೇಲೆ ಏಳು. ರೇಣುಕಾ ಬೆಳಕಿಗೆ ಹಿಡಿದು ಎಣಿಸಿದಳು. ಆ ಖುಷಿಯಲ್ಲಿ ಒಂದು ತಪ್ಪು ಮಾಡಿದೆ. ಚಿಕಿತ್ಸೆಯ ದಿನ ಬಿಸಿಲಿಗೆ ಹೋಗುವಾಗ ಗ್ಲೌಸ್ ಹಾಕಿಕೊಳ್ಳಬೇಕೆಂದು ವೈದ್ಯೆ ಹೇಳಿದ್ದರು. ನಾಲ್ಕು ತಿಂಗಳು ಅದನ್ನು ಕೈ ಮುಚ್ಚಿಕೊಳ್ಳಲೆಂದೇ ಹಾಕಿದ್ದೆ. ಚುಕ್ಕೆಗಳು ಬಂದ ಮೇಲೆ ಮುಚ್ಚಿಕೊಳ್ಳುವುದು ಸಾಕೆನಿಸಿತು. ಸ್ಕೂಟರಿನ ಡಿಕ್ಕಿಗೆ ಹಾಕಿಬಿಟ್ಟೆ.

ಅದೊಂದು ಶನಿವಾರ ಬೆಳಿಗ್ಗೆ ಪೆಟ್ಟಿಗೆಯ ಬೆಳಕು ತೆಗೆದುಕೊಂಡು ಮನೆಗೆ ಬಂದೆ. ಚರ್ಮ ಒಣಗದಿರಲಿ ಎಂದು ಎಂದಿನಂತೆ ಕೈಗೂ ಪಾದಕ್ಕೂ ಕೊಬ್ಬರಿ ಎಣ್ಣೆ ಹಚ್ಚಿದೆ, ಊಟ ಮಾಡಿದೆ, ಎರಡು ಗಂಟೆಗೆ ಶೂ ಹಾಕಿ ತುಮಕೂರು ರಸ್ತೆಯ ಬಿಸಿಲಿನಲ್ಲಿ ಸ್ಕೂಟರ್ ಓಡಿಸಿಕೊಂಡು ಕಚೇರಿಗೆ ಹೋದೆ. ಭಾನುವಾರ ಏನೂ ಇಲ್ಲ. ಸೋಮವಾರ ಬೆಳಿಗ್ಗೆ ಎರಡೂ ಕೈ ಕೆಂಪಾಗಿ ಉರಿಯುತ್ತಿದ್ದವು. ಸಂಜೆಯ ಹೊತ್ತಿಗೆ ಗೆಣ್ಣುಗಳ ಮೇಲೆ ನೀರುಗುಳ್ಳೆ. ಕಂದು ಚುಕ್ಕೆಗಳು ಗುಳ್ಳೆಗಳ ಕೆಳಗೆ ಮುಳುಗಿಹೋದವು. ಸುಟ್ಟ ಜಾಗದಲ್ಲಿ ಬಿಳುಪು ಇನ್ನಷ್ಟು ಹರಡಬಹುದು ಎಂದು ಎಲ್ಲೋ ಓದಿದ್ದೆ. ನೋವಿಗಿಂತ ಅದೇ ಹೆಚ್ಚು ಹೆದರಿಸಿತು.

ಮಂಗಳವಾರ ಕೇಂದ್ರದ ಮಾಲೀಕರಿಗೆ ದೂರು ಬರೆದೆ. ಒಂದು ಪುಟ. ದಿನ, ಹೊತ್ತು, ಕೈಯ ಚಿತ್ರಗಳು. ಒಳಗೆ ಕುಳಿತಾಗ ಮನಸ್ಸಿನಲ್ಲಿ ಸೆಕೆಂಡು ಎಣಿಸುವುದು ನನ್ನ ರೂಢಿ. ಆ ದಿನದ ನನ್ನ ಎಣಿಕೆ ಕಾರ್ಡಿನಲ್ಲಿ ಬರೆದದ್ದಕ್ಕಿಂತ ಹತ್ತು ಹೆಚ್ಚಿತ್ತು, ಹಾಗಾಗಿ ಸಿಬ್ಬಂದಿ ಹೆಚ್ಚು ಸಮಯ ಇಟ್ಟಿರುವ ಸಾಧ್ಯತೆಯಿದೆ ಎಂದು ಬರೆದೆ. ಮೊದಲ ಕರಡಿನಲ್ಲಿ ಪಾದಗಳಿಗೆ ಏನೂ ಆಗಿಲ್ಲ ಎಂಬ ಸಾಲೊಂದಿತ್ತು. ಓದುವಾಗ ಅದು ವಿಷಯಕ್ಕೆ ಸಂಬಂಧವಿಲ್ಲದ್ದು ಅನ್ನಿಸಿ ಹೊಡೆದುಹಾಕಿದೆ. ರೇಣುಕಾಳನ್ನು ಒಂದು ಮಾತೂ ಕೇಳಲಿಲ್ಲ. ಆರೋಪ ಹೊತ್ತವರ ಮಾತಿಲ್ಲದ ವರದಿಯನ್ನು ಯಾವ ವರದಿಗಾರ ಕೊಟ್ಟರೂ ನಾನು ವಾಪಸ್ ಕಳಿಸುತ್ತೇನೆ.

ಮರುದಿನವೇ ಮಾಲೀಕರು ಯಂತ್ರದ ಪರೀಕ್ಷೆ ಆಗುವವರೆಗೆ ಮನೆಯಲ್ಲಿರಲು ರೇಣುಕಾಳಿಗೆ ಹೇಳಿದರು. ನೀಲಿ ಪೆಟ್ಟಿಗೆ ಯಾರದ್ದೋ ಕೈ ಸುಟ್ಟಿತು ಎಂಬ ಸುದ್ದಿ ಬೆಂಚಿನಲ್ಲಿ ಹಬ್ಬಿತು. ಯಾರ ಕೈ ಎಂದು ಅವಳು ಹೇಳಿರಲಿಲ್ಲ. ಮೂವರು ಚಿಕಿತ್ಸೆ ಬಿಟ್ಟರು.

ಗುರುವಾರ ದಾಸರಹಳ್ಳಿಗೆ ಹೋದೆ. ವೈದ್ಯೆ ಕೈಗಳನ್ನು ತಿರುಗಿಸಿ ನೋಡಿದರು. ಯಾವಾಗ ಕೆಂಪಾಯಿತು ಎಂದು ಕೇಳಿದರು. ಎರಡು ದಿನದ ಮೇಲೆ ಅಂದೆ. ಅವರ ಹುಬ್ಬು ಗಂಟಾಯಿತು.

“ಶೂ ಬಿಚ್ಚಿ, ಪಾದ ತೋರ್ಸಿ” ಅಂದರು. ಬಿಚ್ಚಿದೆ. ಪಾದಗಳು ತಣ್ಣಗೆ, ಇದ್ದ ಹಾಗೇ ಇದ್ದವು.

“ಕೈಗೆ ಎಷ್ಟು ಸೆಕೆಂಡೋ ಕಾಲಿಗೂ ಅಷ್ಟೇ ಸೆಕೆಂಡ್ ಅಲ್ವಾ? ಪೆಟ್ಟಿಗೆ ಕೈಗೊಂದು ಕಾಲಿಗೊಂದು ಅಂತ ಪಕ್ಷಪಾತ ಮಾಡಲ್ಲ. ಅದು ಸುಟ್ಟಿದ್ರೆ ಮರುದಿನಕ್ಕೇ ಗೊತ್ತಾಗ್ತಿತ್ತು. ಏನು ಹಚ್ಕೊಂಡ್ರಿ?”

ಬರೀ ಕೊಬ್ಬರಿ ಎಣ್ಣೆ ಅಂದೆ. ಬಾಟಲಿ ತರಲು ಹೇಳಿದರು.

ಮನೆಗೆ ಬಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದೆ. ಕೊಬ್ಬರಿಯ ಹಿಂದೆ ಇನ್ನೊಂದು ಕಹಿ ವಾಸನೆ ಇತ್ತು. ಅತ್ತೆ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಬಾಟಲಿಯನ್ನು ಅವರ ಮುಂದಿಟ್ಟೆ, ಬಟ್ಟೆ ಸುತ್ತಿದ ಕೈಗಳಿಂದ. ಅವರು ಬಾಟಲಿ ನೋಡಲಿಲ್ಲ, ಕೈ ನೋಡಿದರು.

“ನಾನೇ ಆಕಿದ್ದು ಕಣಮ್ಮ” ಅಂದರು. “ಬಾವಂಚಿ ಎಣ್ಣೆ. ಗ್ರಂಧಿಗೆ ಅಂಗಡಿಯಿಂದ ಬೀಜ ತಂದು ನಾನೇ ಕಾಸ್ದೆ. ನಮ್ ದೊಡ್ಡವ್ವಂಗೂ ಇಂಗೇ ಆಗಿತ್ತು. ಅಚ್ಚಿ ಎಳೆಬಿಸ್ಲಲ್ಲಿ ಒಸಿ ಒತ್ತು ಕೂರ್ಸೋರು.”

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಏಳಿದ್ರೆ ಅಚ್ಕೊಂತಿದ್ದಾ ನೀನು? ಪೇಪರ್‌ನಲ್ಲಿ ಇರೋಳು. ಗವುಸು ಆಕ್ಕೊಂಡು ಓಯ್ತೀಯಲ್ಲ, ಬಿಸ್ಲು ತಾಗಲ್ಲ ಅಂದ್ಕಂಡಿದ್ದೆ.” ಸ್ವಲ್ಪ ಹೊತ್ತು ಕಾಯಿ ಬಿಡಿಸಿದರು. “ನಂಗೆ ನಾಚ್ಕೆನೂ ಆಯ್ತಿತ್ತು. ಬಾಡ್ಗೆಯೋರು ಏನಂತಾರೋ ಅಂತ. ಸುಳ್ ಯಾಕೇಳ್ಲಿ. ಬೇಗ ವಾಸಿಯಾಗ್ಲಿ ಅಂತ ಅದಕ್ಕೂ ಆಕ್ದೆ, ನಿಂಗೋಸ್ಕರಾನೂ ಆಕ್ದೆ.”

ಎಷ್ಟು ಭಾಗ ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಆ ಸಂಜೆ ಅವರೇ ನನಗೆ ಊಟ ಕಲಸಿ ತಿನ್ನಿಸಿದರು. ಗುಳ್ಳೆಯ ಕೈಯಲ್ಲಿ ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ಅದು ಮೊದಲು.

ಮರುದಿನ ವೈದ್ಯೆ ಎಣ್ಣೆ ಮೂಸಿ ತಲೆಯಾಡಿಸಿದರು. ಬೆಳಕು ಎಂದರೆ ಒಂದೇ ಅಲ್ಲ ಎಂದು ಆ ದಿನ ತಿಳಿಯಿತು. ಪೆಟ್ಟಿಗೆಯ ಬೆಳಕಿಗೆ ಬಾವಂಚಿ ಅಷ್ಟಾಗಿ ಮಿಸುಕುವುದಿಲ್ಲವಂತೆ. ಬಿಸಿಲಿನಲ್ಲಿ ಬೇರೆ ಅಲೆಯ ಕಿರಣಗಳೂ ಇವೆ. ಅವು ತಾಗಿದರೆ ಎಣ್ಣೆ ಎಚ್ಚರಗೊಳ್ಳುತ್ತದೆ, ಎರಡು ಮೂರು ದಿನ ಬಿಟ್ಟು ಸುಡುತ್ತದೆ. ಪಾದಕ್ಕೂ ಎಣ್ಣೆ ಹಚ್ಚಿದ್ದೆ, ಆದರೆ ಪಾದ ಶೂ ಒಳಗಿತ್ತು. ಆ ಬೀಜದಲ್ಲಿರುವಂಥದೇ ಔಷಧವನ್ನು ಆಸ್ಪತ್ರೆಗಳಲ್ಲೂ ಅಳತೆ ನೋಡಿ ಕೊಡುವುದುಂಟಂತೆ. “ನಿಮ್ಮತ್ತೆ ಹಿಡಿದ ಗಿಡ ತಪ್ಪಲ್ಲ. ಅಳತೆ ಇರ್ಲಿಲ್ಲ, ಹೇಳ್ಲಿಲ್ಲ, ಅಷ್ಟೇ” ಅಂದರು. ಗುಳ್ಳೆ ಮಾಯುವವರೆಗೆ ಪೆಟ್ಟಿಗೆ ಬೇಡ, ಚುಕ್ಕೆಗಳು ಉಳಿಯುತ್ತವೋ ಇಲ್ಲವೋ ಆಮೇಲೆ ನೋಡೋಣ ಎಂದು ಕಳಿಸಿದರು.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತೇ ಮಾಲೀಕರಿಗೆ ಫೋನ್ ಮಾಡಿದೆ. ಸರಿ ಬಿಡಿ ಮೇಡಂ, ಒಂದು ಪತ್ರ ಕೊಟ್ಟುಬಿಡಿ ಅಂದರು. ಪತ್ರ ಬರೆದೆ. ಈ ಸಲ ಪಾದಗಳ ಸಾಲು ಮೊದಲು ಬಂತು.

ರೇಣುಕಾಳ ಕೋಣೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ನಾಲ್ಕು ತಿಂಗಳಲ್ಲಿ ಅವಳು ಎಲ್ಲಿದ್ದಾಳೆಂದು ನಾನು ಕೇಳಿಯೇ ಇರಲಿಲ್ಲ. ಬಾಗಿಲಲ್ಲಿ ನಿಂತೇ ನಡೆದದ್ದನ್ನು ಹೇಳಿದೆ. ನನ್ನ ತಪ್ಪು ಎಂದೆ. ಅವಳು ಒಳಗೆ ಕರೆದು ಕುರ್ಚಿ ಕೊಟ್ಟಳು, ತಾನು ನಿಂತೇ ಇದ್ದಳು.

“ಅವತ್ತ ಸಾಹೇಬ್ರಿಗೆ ಹೇಳಿದ್ನ್ರಿ, ಅವರ ಕಾಲ್ ನೋಡ್ರಿ ಅಂತ” ಅಂದಳು. “ಸಾಹೇಬ್ರು ನಿಮ್ಮ ಪತ್ರಾ ಮತ್ತೊಮ್ಮಿ ಓದಿದ್ರು. ಅದರಾಗ ಕಾಲೇ ಇರ್ಲಿಲ್ರಿ.”

ನಾನು ಹೊಡೆದುಹಾಕಿದ ಸಾಲು ಅದು. ಅವಳಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊಸ ಪತ್ರದಿಂದ ನಿನ್ನ ಕೆಲಸಕ್ಕೆ ತೊಂದರೆಯಿಲ್ಲ ಅಂದೆ.

“ಕೆಲಸಾ ಬರ್ತೈತ್ರಿ. ಬೆಂಚ್ ಮ್ಯಾಲಿನ ಮಂದಿಗೆ ಆ ಪತ್ರಾ ಯಾರ್ ಓದಿ ಹೇಳ್ತಾರು? ನಾ ಒಳಗ ಕರದ್ರ ಅವರು ನನ್ ಕೈ ನೋಡ್ತಾರ್ರಿ ಇನ್ಮ್ಯಾಲ.”

ಪತ್ರಿಕೆಯಲ್ಲಿ ತಪ್ಪು ಮುಖಪುಟದಲ್ಲಿ ಬಂದರೂ ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬರುತ್ತದೆ. ಅಂಥ ಎಷ್ಟೋ ತಿದ್ದುಪಡಿಗಳನ್ನು ನಾನೇ ಮೂರು ಸಾಲಿಗೆ ಇಳಿಸಿದ್ದೇನೆ. ತಪ್ಪು ಹಬ್ಬಿದ ಜಾಗದಲ್ಲೇ ತಿದ್ದಬೇಕೆಂದರೆ ನಾನು ಬೆಂಚಿನ ಮುಂದೆ ನಿಂತು ಸುಟ್ಟದ್ದು ನನ್ನ ಕೈ ಎನ್ನಬೇಕಿತ್ತು. ಯಾಕೆ ಆ ಪೆಟ್ಟಿಗೆಗೆ ಕೈ ಇಟ್ಟೆ ಎಂಬುದನ್ನೂ ಹೇಳಬೇಕಿತ್ತು.

ರೇಣುಕಾ ಕೆಲಸಕ್ಕೆ ಮರಳಿದ ಮಂಗಳವಾರ ಹತ್ತೂವರೆಗೆ ಹೋದೆ. ಬೆಂಚಿನಲ್ಲಿ ಒಂಬತ್ತು ಜನ ಇದ್ದರು. ನಂಜುಂಡಪ್ಪ ಸರಿದು ನನಗೆ ಜಾಗ ಮಾಡಿದರು. ನಾನು ಕೂರಲಿಲ್ಲ. ಕೈಗೆ ಸುತ್ತಿದ ಬಟ್ಟೆ ಬಿಚ್ಚಿದೆ. ಹೇಳಬೇಕಾದ್ದನ್ನು ಮನೆಯಲ್ಲಿ ಬರೆದು, ತಿದ್ದಿ, ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ.

“ನನಗೆ ತೊನ್ನು ಇದೆ” ಅಂದೆ. “ನಾನು ಬರೋದು ಆ ಕೋಣೆಗೆ, ಭುಜಕ್ಕಲ್ಲ. ಪೆಟ್ಟಿಗೆ ನನ್ನ ಕೈ ಸುಡಲಿಲ್ಲ. ಎಣ್ಣೆ ಹಚ್ಕೊಂಡು ಬಿಸಿಲಿಗೆ ಹೋಗಿ ನಾನೇ ಸುಟ್ಕೊಂಡೆ. ಇವಳ ತಪ್ಪು ಅಂತ ಬರೆದವಳೂ ನಾನೇ.”

ಅತ್ತೆಯ ಹೆಸರು ಹೇಳಲಿಲ್ಲ. ಇಲ್ಲಿ ಬರೆಯಲು ಅವರನ್ನು ಕೇಳಿದ್ದೇನೆ. ಬರ್ಕೋ, ಬೇರೆಯೋರಾದ್ರೂ ಉಸಾರಾಗಿರ್ಲಿ ಅಂದಿದ್ದಾರೆ.

ಬೆಂಚಿನಲ್ಲಿದ್ದ ಒಬ್ಬರು ಕೈಗಳನ್ನು ನೋಡಿ ಬೇರೆ ಕಡೆ ಮುಖ ಮಾಡಿದರು. ಆಮೇಲೆ ನಂಜುಂಡಪ್ಪ ನೋವಿನ ಭುಜವನ್ನು ಒತ್ತಿಕೊಳ್ಳುತ್ತ ಅಂದರು: “ಅಲ್ಲಾ ಮೇಡಂ, ನಾಲ್ಕ್ ತಿಂಗ್ಳು ನಿಮ್ಗೆ ಗೋಡೆ ಹತ್ತೋದು ಹೇಳ್ಕೊಟ್ನಲ್ಲ, ಆ ಶ್ರಮಕ್ಕೇನು ಗತಿ?”

ಬೆಂಚು ನಕ್ಕಿತು. ನಾನೂ ನಕ್ಕೆ. ಬಾಗಿಲಲ್ಲಿದ್ದ ರೇಣುಕಾ ನಗಲಿಲ್ಲ. ಮುಂದಿನ ಟೋಕನ್ ಕರೆದಳು.

ಚಿಕಿತ್ಸೆ ಬಿಟ್ಟಿದ್ದ ಮೂವರಿಗೆ ಅವಳ ಫೋನಿನಿಂದ ಅವಳೇ ಕರೆ ಮಾಡಿ, ಆಮೇಲೆ ಫೋನ್ ನನ್ನ ಕೈಗೆ ಕೊಟ್ಟಳು. ಯಾರ ಹೆಸರನ್ನೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರು ಅದೇ ವಾರ ಮರಳಿದರು. ಮೂರನೆಯವರು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು. ಹಿಂದಿನಿಂದ ಯಂತ್ರಗಳ ಸದ್ದು ಕೇಳುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಸುಟ್ಟಿದ್ದು ನಿಮ್ಗೇನಾಕ್ಕ? ಈಗೆಂಗೈತೆ ಕೈ?” ಎಂದು ವಿಚಾರಿಸಿದರು. ಮಾಯುತ್ತಿದೆ ಅಂದೆ. ತಮಗೆ ತುಟಿಯ ಸುತ್ತ ಇದೆ, ಮುಖದ ಮೇಲೆ ಗುಳ್ಳೆ ಬಂದರೆ ಲೈನಿನಲ್ಲಿ ಕೂರುವುದು ಹೇಗೆ ಎಂದು ಹೆದರಿ ಚಿಕಿತ್ಸೆ ಬಿಟ್ಟದ್ದಾಗಿ ಹೇಳಿದರು. ನೋಡೋಣ ಎಂದು ಫೋನ್ ಇಟ್ಟರು.

ನಾನು ಮತ್ತೆ ಶುರು ಮಾಡಿ ಐದು ತಿಂಗಳಾಯಿತು. ಏಳು ಚುಕ್ಕೆಗಳಲ್ಲಿ ಎರಡು ಹೋದವು. ಹೊಸವು ಬಂದಿವೆ, ಎಡಗೈಯಲ್ಲೂ. ಪಾದ ಇನ್ನೂ ಬಿಳಿಯೇ. ಪಾದಕ್ಕೆ ಬಣ್ಣ ಕೊನೆಗೆ, ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ವೈದ್ಯೆ ಹೇಳಿದ್ದಾರೆ. ಅದಕ್ಕೆ ಒಗ್ಗಿಕೊಂಡಿದ್ದೇನೆ. ರೇಣುಕಾ ಈಗ ಎಲ್ಲರಿಗೂ ಟೈಮರ್ ತೋರಿಸಿಯೇ ಗುಂಡಿ ಒತ್ತುತ್ತಾಳೆ. ನನಗೂ.

ಆ ಮೂರನೆಯವರು ಇನ್ನೂ ಬಂದಿಲ್ಲ. ಅವರು ಯಾವ ಪತ್ರಿಕೆ ಓದುತ್ತಾರೋ, ಓದುತ್ತಾರೋ ಇಲ್ಲವೋ ತಿಳಿಯದು. ಅವರ ಕಣ್ಣಿಗೆ ಬೀಳಲಿ ಎಂದೇ ಇದನ್ನು ಬರೆದಿದ್ದೇನೆ. ಮಂಗಳವಾರ, ಗುರುವಾರ, ಶನಿವಾರ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತಾರೆ, ಆಗ ಬೆಂಚು ಖಾಲಿ ಇರುತ್ತದೆ. ಪೆಟ್ಟಿಗೆ ಸರಿಯಾಗಿದೆ. ತಪ್ಪು ಬರೆದದ್ದು ನಾನು. ಬನ್ನಿ.